ಓದುಗರ ಪ್ರಶ್ನೆ: ನೂರಕ್ಕೆ ನೂರು ಬಂದ ಶಾಲೆಗೇ ಮಗಳನ್ನು ಸೇರಿಸಬೇಕಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದ ಶಾಲೆ ಶುರುವಾಗುವ ವಾರದವರೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಯಾವ ಶಾಲೆ ಒಳ್ಳೇದು, ಯಾವ ಶಾಲೆ ಹಿಂದೆ ಬಿತ್ತು, ನಮ್ಮ ಜಿಲ್ಲೆಗೆ ಎಷ್ಟನೇ ಸ್ಥಾನ. ಈ ಸಲ ಐದು ಪತ್ರ ಆರಿಸಿಕೊಂಡಿದ್ದೇನೆ. ನಾನು ಸಾಗರ, ಹೊಸನಗರ ಕಡೆಯ ಸರ್ಕಾರಿ ಹೈಸ್ಕೂಲುಗಳಲ್ಲಿ 31 ವರ್ಷ ಗಣಿತ ಹೇಳಿಕೊಟ್ಟವನು. ಶೇಕಡಾ ಲೆಕ್ಕ ಕಂಡ ಕೂಡಲೇ ಅದರೊಳಗೆ ಎಷ್ಟು ಮಕ್ಕಳಿದ್ದಾರೆ, ಯಾರ ಮನೆ ಮಕ್ಕಳು ಅಂತ ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ.

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಮಗಳು ಏಳನೇ ಕ್ಲಾಸು ಮುಗಿಸಿದ್ದಾಳೆ. ಮನೆಯಿಂದ ಒಂದೂವರೆ ಕಿಲೋಮೀಟರಿಗೆ ಒಂದು ಸರ್ಕಾರಿ ಹೈಸ್ಕೂಲಿದೆ, ಈ ವರ್ಷ ಅಲ್ಲಿ 62 ಮಕ್ಕಳು ಬರೆದು 49 ಜನ ಪಾಸಾದರು. ಎಂಟು ಕಿಲೋಮೀಟರ್ ಆಚೆ ಇನ್ನೊಂದು ಸರ್ಕಾರಿ ಹೈಸ್ಕೂಲು, ಅಲ್ಲಿ 11ಕ್ಕೆ 11 ಪಾಸು. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಹಾಕಿದ್ದಾರೆ. ನೆಂಟರೆಲ್ಲ ದೂರದ್ದಕ್ಕೇ ಸೇರಿಸು ಅಂತಾರೆ. ನೀವೇನಂತೀರಿ?
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಮೊದಲಿಗೆ ನಿಮಗೊಂದು ಮೆಚ್ಚುಗೆ. ನೀವು ಶೇಕಡಾ ಮಾತ್ರ ಬರೆಯದೆ ಎಷ್ಟು ಜನ ಬರೆದರು, ಎಷ್ಟು ಜನ ಪಾಸಾದರು ಅಂತ ಎರಡೂ ಬರೆದಿದ್ದೀರಿ. ಹೆಚ್ಚಿನವರು ಬರೆಯುವುದೇ ಇಲ್ಲ.

ಹನ್ನೊಂದು ಮಕ್ಕಳ ಶಾಲೆಯಲ್ಲಿ ಒಬ್ಬ ಹುಡುಗ ಗಣಿತದಲ್ಲಿ ಎರಡು ಅಂಕಕ್ಕೆ ಜಾರಿದರೆ ಆ ನೂರು ಸೀದಾ 91ರ ಹತ್ತಿರಕ್ಕೆ ಬರುತ್ತದೆ. ಇಬ್ಬರು ಜಾರಿದರೆ 82. ನಿಮ್ಮ ಹತ್ತಿರದ ಶಾಲೆಯ 79ಕ್ಕೂ ಅದಕ್ಕೂ ಆಗ ಇರುವ ಅಂತರ ಎಷ್ಟು ನೋಡಿ. 62 ಮಕ್ಕಳ ಶಾಲೆಯಲ್ಲಿ ಒಬ್ಬ ಜಾರಿದರೆ ಶೇಕಡಾ ಎರಡು ಅಂಶವೂ ಅಲುಗಾಡುವುದಿಲ್ಲ. ಹಾಗಾಗಿ ಸಣ್ಣ ಶಾಲೆಯ ಒಂದು ವರ್ಷದ ಫಲಿತಾಂಶವನ್ನು ಯಾವತ್ತೂ ನಂಬಬೇಡಿ, ಒಳ್ಳೇದಿದ್ದರೂ ಅಷ್ಟೇ, ಕೆಟ್ಟದ್ದಿದ್ದರೂ ಅಷ್ಟೇ. ನಮ್ಮ ಮಲೆನಾಡಿನ ಹೈಸ್ಕೂಲುಗಳಲ್ಲಿ ಹತ್ತು, ಹದಿನೈದು, ಇಪ್ಪತ್ತು ಮಕ್ಕಳ ಬ್ಯಾಚುಗಳೇ ಜಾಸ್ತಿ. ಒಂದು ವರ್ಷ ಮೇಲೆ, ಮುಂದಿನ ವರ್ಷ ಕೆಳಗೆ. ಐದು ವರ್ಷದ್ದು ಒಟ್ಟು ಕೂಡಿಸಿ, ಬರೆದವರೆಷ್ಟು, ಪಾಸಾದವರೆಷ್ಟು ಅಂತ ನೋಡಿದರೆ ಆ ಶಾಲೆಯ ನಿಜವಾದ ಮುಖ ಸ್ವಲ್ಪ ಕಾಣುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಈ ವರ್ಷ ಹತ್ತನೇ ಕ್ಲಾಸು ಬರೆದ ಮಕ್ಕಳು ಎರಡು ವರ್ಷದ ಹಿಂದೆ ಎಂಟನೇ ಕ್ಲಾಸಿನಲ್ಲಿದ್ದರು ಅಲ್ವಾ? ಆಗ ಎಷ್ಟು ಜನ ಇದ್ದರು ಅಂತ ಕೇಳಿ. ಎಂಟರಲ್ಲಿ 12, ಹತ್ತರಲ್ಲಿ 11 ಅಂದರೆ ಚಿಂತೆಯಿಲ್ಲ, ಯಾರೋ ಊರು ಬಿಟ್ಟಿರಬಹುದು. ಎಂಟರಲ್ಲಿ 19, ಹತ್ತರಲ್ಲಿ 11 ಅಂದರೆ ಉಳಿದ ಎಂಟು ಮಕ್ಕಳು ಎಲ್ಲಿ ಹೋದರು ಅಂತ ಕೇಳಲೇಬೇಕು. ಪಾಸಾಗದ ಮಗುವಿನ ಲೆಕ್ಕ ಫಲಿತಾಂಶದಲ್ಲಿ ಸಿಗುತ್ತದೆ, ಪರೀಕ್ಷೆಗೇ ಕೂರದ ಮಗುವಿನ ಲೆಕ್ಕ ಎಲ್ಲೂ ಸಿಗುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮಳೆಗಾಲ ಶುರುವಾದ ದಿನಗಳು. ಒಂಬತ್ತನೇ ಕ್ಲಾಸು ಮುಗಿಸಿದ ಒಬ್ಬ ಹುಡುಗ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಅದರಿಂದ ನೀರು ಇಳಿದು ಹೊಸ್ತಿಲು ಒದ್ದೆ. ಕಾಲಿಗೆ ಉಂಬಳ ಕಚ್ಚಿ ರಕ್ತ ಇಳಿಯುತ್ತಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ. "ಸಾರ್, ನನಗೆ ಟೀಸಿ ಕೊಡ್ತಾರಂತೆ, ಹತ್ತಕ್ಕೆ ಬೇರೆ ಕಡೆ ಹೋಗಬೇಕಂತೆ" ಅಂದ. ಅವನ ಅಪ್ಪನನ್ನು ಕರೆಸಿ ಹುಡುಗ ಹತ್ತು ಪಾಸಾಗುವುದಿಲ್ಲ, ಶಾಲೆ ಫಲಿತಾಂಶ ಹಾಳಾಗುತ್ತದೆ ಅಂತ ಹೇಳಿ ಒಪ್ಪಿಸಿದ್ದರು. ನಾನು ಜಗಳ ಮಾಡಿದೆ, ಆದರೆ ಸಾಕಾಗುವಷ್ಟು ಮಾಡಲಿಲ್ಲ. ಹುಡುಗ ಬೇರೆ ಕಡೆ ಸೇರಲೂ ಇಲ್ಲ, ಅಡಿಕೆ ತೋಟದ ಕೆಲಸಕ್ಕೆ ಹೋದ. ಆ ವರ್ಷ ಆ ಶಾಲೆಗೆ ನೂರಕ್ಕೆ ನೂರು ಬಂತು, ಸನ್ಮಾನವೂ ಆಯಿತು. ಫ್ಲೆಕ್ಸಿನ ಮೇಲೆ ಶೇ. 100 ಅಂತ ಕಂಡಾಗಲೆಲ್ಲ ನನಗೆ ಇವತ್ತಿಗೂ ಆ ಒದ್ದೆ ಹೊಸ್ತಿಲು ನೆನಪಾಗುತ್ತದೆ. ನಿಮ್ಮ ದೂರದ ಶಾಲೆ ಹಾಗೆ ಮಾಡಿದೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿಯ ಮೇಷ್ಟ್ರುಗಳು ನಿಜವಾಗಿ ಕಷ್ಟಪಟ್ಟಿರಬಹುದು. ಕೇಳಿ ತಿಳಿದುಕೊಳ್ಳಿ ಅಂತ ಮಾತ್ರ ಹೇಳುತ್ತೇನೆ.

ಇನ್ನು ಆ ಎರಡು ಶಾಲೆಗೆ ಬರುವ ಮಕ್ಕಳು ಯಾರು? 62 ಮಕ್ಕಳ ಶಾಲೆ ಅಂದರೆ ಸಾಮಾನ್ಯವಾಗಿ ಸುತ್ತಲಿನ ಏಳೆಂಟು ಪ್ರಾಥಮಿಕ ಶಾಲೆಗಳಿಂದ ಬಂದವರು, ಪಕ್ಕದ ಹಾಸ್ಟೆಲಿನವರು, ಕೂಲಿ ಲೈನಿನ ಮಕ್ಕಳು, ಎಲ್ಲರೂ ಇರುತ್ತಾರೆ. ಅಡಿಕೆ ಸುಲಿಯುವ ಕಾಲ ಬಂತೆಂದರೆ ರಾತ್ರಿ ಹನ್ನೊಂದರವರೆಗೆ ಸುಲಿದು ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುವ ಮಕ್ಕಳನ್ನು ನಾನು ವರ್ಷವರ್ಷವೂ ನೋಡಿದ್ದೇನೆ. ಅಂಥ 62 ಮಕ್ಕಳಲ್ಲಿ 49 ಜನ ದಾಟಿದ್ದಾರೆ ಅಂದರೆ ಅದನ್ನು ಕಡಿಮೆ ಅಂತ ನಾನು ಹೇಳಲಾರೆ.

ಹುಡುಗರು ಎಷ್ಟು, ಹುಡುಗಿಯರು ಎಷ್ಟು ಅನ್ನುವುದೂ ಫಲಿತಾಂಶವನ್ನು ಎಳೆದಾಡುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದಲ್ಲಿ ಹುಡುಗಿಯರು ಶೇ. 74 ಪಾಸಾದರೆ ಹುಡುಗರು ಶೇ. 58.07. ಹದಿನಾರು ಅಂಶದ ಅಂತರ! ಹಾಗಾಗಿ ಹುಡುಗಿಯರೇ ಜಾಸ್ತಿ ಇರುವ ಶಾಲೆಯನ್ನು ಹುಡುಗರೇ ಜಾಸ್ತಿ ಇರುವ ಶಾಲೆಯ ಪಕ್ಕ ನಿಲ್ಲಿಸಿದರೆ ನೀವು ಅಳೆಯುತ್ತಿರುವುದು ಪಾಠವನ್ನಾ, ಮಕ್ಕಳ ಲೆಕ್ಕವನ್ನಾ ಅಂತ ಗೊತ್ತಾಗುವುದಿಲ್ಲ. ನಿಮ್ಮ ಮಗಳಿಗಾದರೆ ಆ ಶಾಲೆಯಲ್ಲಿ ಹುಡುಗಿಯರು ಎಷ್ಟು ಬರೆದರು, ಎಷ್ಟು ಪಾಸಾದರು ಅನ್ನುವ ಲೆಕ್ಕವೇ ಬೇಕು. ಅದನ್ನು ಪ್ರತ್ಯೇಕ ಕೇಳಿ, ಕೊಡುತ್ತಾರೆ.

ಕೊನೆಗೆ, ನಾನಾಗಿದ್ದರೆ ಏನು ಮಾಡುತ್ತಿದ್ದೆ? ಹತ್ತಿರದ ಶಾಲೆಗೆ ಹೋಗಿ ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಮೇಷ್ಟ್ರು ಇದ್ದಾರಾ, ಅತಿಥಿ ಶಿಕ್ಷಕರಾ, ಅತಿಥಿ ಶಿಕ್ಷಕರಾದರೆ ವರ್ಷದ ಯಾವ ತಿಂಗಳಲ್ಲಿ ಬರುತ್ತಾರೆ ಅಂತ ಕೇಳುತ್ತಿದ್ದೆ. ಹುಡುಗಿಯರ ಶೌಚಾಲಯಕ್ಕೆ ನೀರು ಬರುತ್ತದಾ ಅಂತ ನಲ್ಲಿ ತಿರುಗಿಸಿ ನೋಡುತ್ತಿದ್ದೆ. ಇವೆರಡು ಸರಿಯಿದ್ದರೆ ಹತ್ತಿರದ್ದಕ್ಕೇ ಸೇರಿಸುತ್ತಿದ್ದೆ. ಜೂನ್, ಜುಲೈಯಲ್ಲಿ ಎಂಟು ಕಿಲೋಮೀಟರ್, ಅದೂ ಒಂದೇ ಬಸ್ಸು, ನಡುವೆ ಕಾಲುಸಂಕ ಇದ್ದರಂತೂ ಕೇಳುವುದೇ ಬೇಡ. ಮಳೆಗೆ ತಪ್ಪಿಹೋದ ಕ್ಲಾಸುಗಳನ್ನು ಆ ನೂರು ತುಂಬಿಕೊಡುವುದಿಲ್ಲ.

ಪ್ರಶ್ನೆ: ಸರ್, 2023ರಲ್ಲಿ ಶಿವಮೊಗ್ಗ ಎಸ್ಸೆಸ್ಸೆಲ್ಸಿಯಲ್ಲಿ 28ನೇ ಸ್ಥಾನ, 2024ರಲ್ಲಿ 3ನೇ ಸ್ಥಾನ. ಒಂದೇ ವರ್ಷದಲ್ಲಿ ನಮ್ಮ ಮೇಷ್ಟ್ರುಗಳು ಇಷ್ಟು ಬದಲಾದರಾ? ಹೆಮ್ಮೆ ಪಡಬೇಕಾ, ಸುಮ್ನೆ ಇರಬೇಕಾ?
— ಓದುಗರು, ಶಿವಮೊಗ್ಗ ನಗರ

ಉತ್ತರ: ಹೆಮ್ಮೆ ಪಡಿ, ಆದರೆ ಯಾಕೆ ಅಂತ ತಿಳಿದುಕೊಂಡು ಪಡಿ.

2023ರಲ್ಲಿ ನಮ್ಮ ಜಿಲ್ಲೆಯದ್ದು ಶೇ. 84.04. 2024ರಲ್ಲಿ ಶೇ. 88.67. ಏರಿಕೆ ನಾಲ್ಕೂವರೆ ಅಂಶದಷ್ಟು. ಇಷ್ಟಕ್ಕೇ ಇಪ್ಪತ್ತೈದು ಮೆಟ್ಟಿಲು ಹತ್ತುವುದು ಹೇಗೆ ಸಾಧ್ಯ? ನಾವು ಹತ್ತಿದ್ದಕ್ಕಿಂತ ಬೇರೆಯವರು ಇಳಿದದ್ದು ಜಾಸ್ತಿ. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಸಿಸಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು, ರಾಜ್ಯದ ಒಟ್ಟು ಫಲಿತಾಂಶ 83.89ರಿಂದ 73.40ಕ್ಕೆ ಬಿತ್ತು. ಅದೂ ಗ್ರೇಸ್ ಅಂಕವನ್ನು, ಅಂದರೆ ಪಾಸಾಗಲಿ ಅಂತ ಸೇರಿಸಿ ಕೊಡುವ ಅಂಕವನ್ನು, ಆ ವರ್ಷಕ್ಕೆ ಹೆಚ್ಚಿಸಿ ಕೊಟ್ಟ ಮೇಲೆ. 2023ರಲ್ಲಿ 18 ಮತ್ತು 19ನೇ ಸ್ಥಾನದಲ್ಲಿದ್ದ ಉಡುಪಿ, ದಕ್ಷಿಣ ಕನ್ನಡ 2024ರಲ್ಲಿ 1 ಮತ್ತು 2ಕ್ಕೆ ಬಂದವು. ಕ್ಯಾಮೆರಾ ಬಂದ ವರ್ಷ ಮೇಲೆ ಬಂದ ಜಿಲ್ಲೆಗಳು ಇವು. ಹಾಗಾಗಿ ನಾನು ಹೇಳುವುದು ಇಷ್ಟು. ನಮ್ಮ ಮಕ್ಕಳು ಮೊದಲಿನಿಂದಲೂ ತಮ್ಮ ಕೈಯಿಂದಲೇ ಬರೆಯುತ್ತಿದ್ದರು, 28ನೇ ಸ್ಥಾನ ಬಂದಾಗಲೂ. ಆ ವರ್ಷ ಬೈಸಿಕೊಂಡ ನಮ್ಮ ಮೇಷ್ಟ್ರುಗಳಿಗೆ ಯಾರೂ ಆಮೇಲೆ ಬಂದು ತಪ್ಪಾಯಿತು ಅನ್ನಲಿಲ್ಲ, ಅದು ನನಗೆ ಬೇಜಾರು.

2025ರಲ್ಲಿ ಆ ಹೆಚ್ಚುವರಿ ಗ್ರೇಸ್ ತೆಗೆದರು. ನಮ್ಮದು 82.29ಕ್ಕೆ ಬಂತು, ಸ್ಥಾನ 4. ಪತ್ರಿಕೆಯಲ್ಲಿ ಆರು ಅಂಶ ಕುಸಿತ ಅಂತ ಓದಿ ಗಾಬರಿಯಾಗಬೇಡಿ, ಅಳತೆಗೋಲೇ ಬದಲಾಗಿತ್ತು. ರಾಜ್ಯದ ಲೆಕ್ಕವನ್ನೂ ಆ ವರ್ಷ ಎರಡು ಥರ ಹೇಳಿದರು. ಶಾಲೆಯಿಂದ ಮೊದಲ ಸಲ ಬರೆದವರನ್ನು ಮಾತ್ರ ಹಿಡಿದರೆ ಶೇ. 66.14, ಮತ್ತೆ ಬರೆದವರು, ಖಾಸಗಿಯಾಗಿ ಕಟ್ಟಿದವರು ಎಲ್ಲ ಸೇರಿದರೆ ಶೇ. 62.34. ಒಬ್ಬರು ಮೊದಲಿನದ್ದನ್ನು ಹಿಡಿದುಕೊಂಡು, ಇನ್ನೊಬ್ಬರು ಎರಡನೆಯದನ್ನು ಹಿಡಿದುಕೊಂಡು ಟೀ ಅಂಗಡಿಯಲ್ಲಿ ವಾದ ಮಾಡಿದರೆ ಸಂಜೆಯಾದರೂ ಮುಗಿಯುವುದಿಲ್ಲ. ಯಾವ ವರ್ಷದ್ದು, ಯಾವ ಮಕ್ಕಳದ್ದು, ಗ್ರೇಸ್ ಎಷ್ಟು, ಈ ಮೂರು ಕೇಳದೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಬೇಡಿ.

ಇನ್ನೊಂದು ಸಂಗತಿ. 2025ರಲ್ಲಿ ಮೊದಲ ಸ್ಥಾನ ದಕ್ಷಿಣ ಕನ್ನಡ, ಶೇ. 91.12. ಕೊನೆಯ ಸ್ಥಾನ ಕಲಬುರಗಿ, ಶೇ. 42.43. ಇದನ್ನು ಓದಿ ಅಲ್ಲಿಯ ಮೇಷ್ಟ್ರುಗಳು ಸೋಮಾರಿಗಳು ಅಂತ ನಮ್ಮ ಕಡೆಯವರು ಸುಲಭವಾಗಿ ಹೇಳಿಬಿಡುತ್ತಾರೆ. 2011ರ ಜನಗಣತಿ ತೆಗೆದು ನೋಡಿ. ಸಾಕ್ಷರತೆ ದಕ್ಷಿಣ ಕನ್ನಡದಲ್ಲಿ ಶೇ. 88.57, ನಮ್ಮ ಶಿವಮೊಗ್ಗದಲ್ಲಿ 80.45, ಕಲಬುರಗಿಯಲ್ಲಿ 64.85, ಯಾದಗಿರಿಯಲ್ಲಿ 51.83. ಈಗ ಹತ್ತನೇ ಕ್ಲಾಸು ಬರೆಯುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರು ಆ ಗಣತಿಯ ಕಾಲದ ಯುವಕ ಯುವತಿಯರು. ಮನೆಯಲ್ಲಿ ಹೋಂವರ್ಕ್ ನೋಡುವವರು ಇದ್ದ ಜಿಲ್ಲೆಗೂ ಇಲ್ಲದ ಜಿಲ್ಲೆಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಸ್ಥಾನ ಹಂಚುತ್ತಿದ್ದೇವೆ. ಮೇಷ್ಟ್ರ ತಪ್ಪೇ ಇಲ್ಲ ಅಂತಲ್ಲ, ಆದರೆ ಸ್ಥಾನಪಟ್ಟಿ ಮೇಷ್ಟ್ರದ್ದು ಎಷ್ಟು, ಮನೆಯದ್ದು ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ. ನಮ್ಮಲ್ಲಿಗೆ ಎರಡು ತಾಂಡಾದ ಮಕ್ಕಳೇ ಹೆಚ್ಚು ಬರುತ್ತಾರೆ. ದೀಪಾವಳಿ ಕಳೆದ ಮೇಲೆ ತುಂಬಾ ಮನೆಯವರು ಕಾಫಿ ತೋಟದ ಕೆಲಸಕ್ಕೆ ಚಿಕ್ಕಮಗಳೂರು ಕಡೆ ಹೋಗುತ್ತಾರೆ. ಮೀಟಿಂಗಿನಲ್ಲಿ ಪ್ರತಿ ವರ್ಷ ಕಡಿಮೆ ಫಲಿತಾಂಶದ ಶಾಲೆ ಅಂತ ನಮ್ಮ ಹೆಸರು ಓದುತ್ತಾರೆ. ಮೇಡಂಗಳು ತಲೆ ತಗ್ಗಿಸಿ ಕೂತಿರುತ್ತಾರೆ. ಪಕ್ಕದ ಪಟ್ಟಣದ ಸರ್ಕಾರಿ ಶಾಲೆಗೆ ಶೇ. 82, ನಮಗೆ 71. ನಾನು ಎದ್ದು ಏನು ಹೇಳಲಿ?
— ಓದುಗರು, ಶಿಕಾರಿಪುರ ತಾಲ್ಲೂಕು

ಉತ್ತರ: ಅಧ್ಯಕ್ಷರೇ, ನೀವು ಏಳಬೇಕು, ಹೇಳಲೂ ಬೇಕು. ಬರಿಗೈಯಲ್ಲಿ ಏಳಬೇಡಿ, ಲೆಕ್ಕ ಹಿಡಿದುಕೊಂಡು ಏಳಿ. ಹೇಗೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಇದು ನಾನು ಕಟ್ಟಿದ ಲೆಕ್ಕ, ನಿಮ್ಮ ಶಾಲೆಯದ್ದಲ್ಲ. ನಿಮ್ಮ ಅಂಕಿಗಳನ್ನು ನೀವೇ ಹಾಕಿ ನೋಡಬೇಕು.

ಪಟ್ಟಣದ ಶಾಲೆಯಲ್ಲಿ ನೂರು ಮಕ್ಕಳು ಅಂದುಕೊಳ್ಳಿ. ಅದರಲ್ಲಿ 80 ಮಕ್ಕಳ ಮನೆಯಲ್ಲಿ ಅಪ್ಪನೋ ಅಮ್ಮನೋ ಹತ್ತನೇ ಕ್ಲಾಸು ದಾಟಿದವರು, ಆ 80ರಲ್ಲಿ 72 ಪಾಸು, ಅಂದರೆ ಶೇ. 90. ಉಳಿದ 20 ಮಕ್ಕಳ ಮನೆಯಲ್ಲಿ ಯಾರೂ ಹತ್ತು ದಾಟಿಲ್ಲ, ಅವರಲ್ಲಿ 10 ಪಾಸು, ಶೇ. 50. ಒಟ್ಟು 82.

ನಿಮ್ಮಂಥ ಶಾಲೆಯಲ್ಲೂ ನೂರು ಮಕ್ಕಳು. ಇಲ್ಲಿ ಉಲ್ಟಾ. ಓದಿದ ಮನೆಯವರು 20, ಅವರಲ್ಲಿ 19 ಪಾಸು, ಶೇ. 95. ಓದದ ಮನೆಯವರು 80, ಅವರಲ್ಲಿ 52 ಪಾಸು, ಶೇ. 65. ಒಟ್ಟು 71.

ಈಗ ಹೇಳಿ, ಯಾವ ಶಾಲೆ ಚೆನ್ನಾಗಿ ಕಲಿಸಿದೆ? ಓದಿದ ಮನೆಯ ಮಗುವೂ ನಿಮ್ಮಲ್ಲೇ ಜಾಸ್ತಿ ಪಾಸಾಗಿದೆ, ಓದದ ಮನೆಯ ಮಗುವೂ ನಿಮ್ಮಲ್ಲೇ ಜಾಸ್ತಿ ಪಾಸಾಗಿದೆ. ಆದರೂ ಒಟ್ಟು ಲೆಕ್ಕದಲ್ಲಿ ನಿಮ್ಮ ಮೇಡಂ ತಲೆ ತಗ್ಗಿಸಬೇಕು. ಇದು ಮೋಸವಲ್ಲ, ಮಂತ್ರವಲ್ಲ, ಎರಡು ಶಾಲೆಯ ಮಕ್ಕಳು ಬೇರೆ ಬೇರೆ ಥರದವರಾದಾಗ ಸರಾಸರಿ ಹೀಗೇ ಮಾಡುತ್ತದೆ. ನಾನು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಒಬ್ಬ ಅಧಿಕಾರಿ ಎರಡು ಸಲ ಕೂಡಿ ನೋಡಿದರು.

ನೀವು ಮಾಡಬೇಕಾದ್ದು ಇಷ್ಟು. ಮುಖ್ಯ ಶಿಕ್ಷಕಿಯ ಜೊತೆ ಕೂತು ಕಳೆದ ಮೂರು ವರ್ಷದ ಮಕ್ಕಳ ಪಟ್ಟಿ ತೆಗೆಯಿರಿ. ಪ್ರತಿ ಮಗುವಿನ ಎದುರು ಮನೆಯಲ್ಲಿ ಯಾರು ಎಷ್ಟು ಓದಿದ್ದಾರೆ, ಮನೆಮಾತು ಯಾವುದು, ನವೆಂಬರಿಂದ ಫೆಬ್ರವರಿವರೆಗೆ ಹಾಜರಾತಿ ಎಷ್ಟು ದಿನ, ಈ ಮೂರು ಬರೆಯಿರಿ. ಹಾಜರಾತಿ ಪುಸ್ತಕದಲ್ಲಿ ಸಾಲಾಗಿ ಗೈರು ಬಿದ್ದ ಪುಟ ಕಣ್ಣಿಗೆ ಹೊಡೆಯುತ್ತದೆ, ಅದರ ಜೆರಾಕ್ಸ್ ಇಟ್ಟುಕೊಳ್ಳಿ. ಮಕ್ಕಳ ಹೆಸರು ಮೀಟಿಂಗಿನಲ್ಲಿ ಓದಬೇಡಿ, ಸಂಖ್ಯೆ ಮಾತ್ರ ಹೇಳಿ.

ಇನ್ನೊಂದು ಬಲವಾದ ಆಧಾರ ನಿಮ್ಮ ಶಾಲೆಯ ಬೀರುವಿನಲ್ಲೇ ಇದೆ. ಪ್ರತಿ ವರ್ಷ ಜೂನಿನಲ್ಲಿ ಸೇತುಬಂಧ ಮಾಡುತ್ತಾರಲ್ಲ, ಅದರ ಪೂರ್ವ ಪರೀಕ್ಷೆಯಲ್ಲಿ ಮಗು ಹಿಂದಿನ ತರಗತಿಯದ್ದು ಏನು ಕಲಿತು ಬಂದಿದೆ ಅಂತ ಗೊತ್ತಾಗುತ್ತದೆ. ಎಂಟಕ್ಕೆ ಬಂದಾಗ ಭಾಗಾಕಾರ ಬಾರದಿದ್ದ ಮಕ್ಕಳು ಎಷ್ಟು, ಹತ್ತಕ್ಕೆ ಬರುವಷ್ಟರಲ್ಲಿ ಅವರಲ್ಲಿ ಎಷ್ಟು ಜನ ಅದನ್ನು ಕಲಿತರು? ಶಾಲೆಯ ಕೆಲಸ ಅಂದರೆ ಈ ದಾರಿ. ಬಹಳ ಶಾಲೆಗಳಲ್ಲಿ ಆ ಉತ್ತರಪತ್ರಿಕೆಗಳನ್ನು ಕಟ್ಟಿ ಮೂಲೆಗೆ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ ಅಂತ ನಿಮ್ಮ ಮೇಡಂಗಳಿಗೆ ನನ್ನ ಪರವಾಗಿ ಹೇಳಿ, ಅದು ಅವರ ಶ್ರಮಕ್ಕೆ ಇರುವ ಸಾಕ್ಷಿ.

ಒಂದು ಮಾತು ಸ್ವಲ್ಪ ಖಾರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ತಾಂಡಾದ ಮಕ್ಕಳು ಅಂತ ಹೇಳುವುದು ಕಾರಣ ಹೇಳಿ ಕೈತೊಳೆದುಕೊಳ್ಳುವುದಕ್ಕೆ ಆಗಬಾರದು. ನಮ್ಮ ಮಕ್ಕಳೇ ಹೀಗೆ ಅಂತ ಶಾಲೆಯವರು ಅನ್ನತೊಡಗಿದರೆ ಅಲ್ಲಿಗೆ ಪಾಠ ನಿಂತಂತೆ. ಆ ಲೆಕ್ಕ ಹಿಡಿದುಕೊಂಡು ನೀವು ಏನು ಬೇಕು ಅಂತ ಕೇಳಬೇಕು. ಕೆಲಸಕ್ಕೆ ವಲಸೆ ಹೋಗುವ ಮನೆಯ ಮಕ್ಕಳು ಊರಲ್ಲೇ ಉಳಿದು ಓದಲಿ ಅಂತ ಆ ತಿಂಗಳುಗಳಿಗೆ ಮಾತ್ರ ವಸತಿ ವ್ಯವಸ್ಥೆ ಮಾಡಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶ ಇದೆ. ನಾಲ್ಕು ತಿಂಗಳು ಅಜ್ಜಿಯ ಜೊತೆ ಉಳಿದ ಮಕ್ಕಳು ಎಷ್ಟು, ತೋಟಕ್ಕೆ ಹೋದವರು ಎಷ್ಟು, ಇಬ್ಬರಲ್ಲಿ ಪಾಸಾದವರು ಎಷ್ಟು ಅಂತ ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅರ್ಜಿ ಆಗಸ್ಟ್ ಒಳಗೆ ಹೋಗಬೇಕು, ದೀಪಾವಳಿ ಆದ ಮೇಲೆ ಕೊಟ್ಟು ಪ್ರಯೋಜನವಿಲ್ಲ.

ಪ್ರಶ್ನೆ: ಮೊರಾರ್ಜಿ ಶಾಲೆ, ಆದರ್ಶ ವಿದ್ಯಾಲಯ, ಗಾಜನೂರಿನ ನವೋದಯ, ಇವೂ ಸರ್ಕಾರದ್ದೇ. ಅಲ್ಲಿ ಅಷ್ಟು ಒಳ್ಳೆ ಅಂಕ ಬರುತ್ತದೆ. ಹಾಗಾದರೆ ಊರಿನ ಸರ್ಕಾರಿ ಹೈಸ್ಕೂಲಿನವರಿಗೆ ಏನು ಕಷ್ಟ?
— ಓದುಗರು, ತೀರ್ಥಹಳ್ಳಿ

ಉತ್ತರ: ಈ ಮೂರಕ್ಕೂ ಆರನೇ ಕ್ಲಾಸಿಗೆ ಸೇರಲು ಪ್ರವೇಶ ಪರೀಕ್ಷೆ ಇದೆ. ಊರಿನ ಶಾಲೆಗೆ ಇಲ್ಲ, ಇರಲೂಬಾರದು. ಬಾಗಿಲಿಗೆ ಬಂದ ಯಾವ ಮಗುವನ್ನೂ ಅದು ವಾಪಸ್ ಕಳಿಸುವಂತಿಲ್ಲ. ನವೋದಯಕ್ಕೆ ಜಿಲ್ಲೆಗೆಲ್ಲ ಸೇರಿ ವರ್ಷಕ್ಕೆ 80 ಸೀಟು. ಐದನೇ ಕ್ಲಾಸಿನಲ್ಲಿ ಪಟಪಟ ಉತ್ತರ ಹೇಳುತ್ತಿದ್ದ ಆ ಒಂದಿಬ್ಬರು ಮಕ್ಕಳು ಆ ಕಡೆ ಹೋದ ಮೇಲೆ ಉಳಿದವರನ್ನು ಇಟ್ಟುಕೊಂಡು ಊರಿನ ಮೇಷ್ಟ್ರು ಪಾಠ ಮಾಡುತ್ತಾರೆ. ಹಾಗಾಗಿ ಎರಡನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆಯುವುದು ನ್ಯಾಯವಲ್ಲ.

ಹಾಗಂತ ಆ ಶಾಲೆಗಳದ್ದೇನೂ ಇಲ್ಲ ಅಂತಲೂ ಅನ್ನಬೇಡಿ. ಮೊರಾರ್ಜಿಯಲ್ಲಿ ಬಡ ಮನೆಯ ಮಕ್ಕಳೇ ಇರುವುದು. ಮೂರು ಹೊತ್ತು ಊಟ, ಸಂಜೆ ಓದಲು ಬೆಳಕು, ಅಲ್ಲೇ ಕೇಳಿದರೆ ಹೇಳಿಕೊಡುವವರು, ಇಷ್ಟು ಸಿಕ್ಕರೆ ಕೂಲಿ ಮನೆಯ ಮಗು ಎಲ್ಲಿಗೆ ಮುಟ್ಟುತ್ತದೆ ಅಂತ ಅಲ್ಲಿ ಕಾಣುತ್ತದೆ. ಊರಿನ ಹೈಸ್ಕೂಲಿಗೂ ಇದರಲ್ಲಿ ಅರ್ಧವಾದರೂ ಕೊಡಿ ಅಂತ ಕೇಳುವುದು ಸರಿಯಾದ ಪ್ರಶ್ನೆ.

ಖಾಸಗಿ ಶಾಲೆಗೂ ಇದೇ ಮಾತು. 2025ರಲ್ಲಿ ಸರ್ಕಾರಿ ಶಾಲೆಗಳದ್ದು ಶೇ. 62.7, ಅನುದಾನಿತ 58.97, ಅನುದಾನರಹಿತ 75.59. ಫೀಸು ಕಟ್ಟಬಲ್ಲ ಮನೆಯವರ ಮಕ್ಕಳೇ ತುಂಬಿರುವ ಶಾಲೆಗೂ ಎಲ್ಲರನ್ನೂ ತೆಗೆದುಕೊಳ್ಳುವ ಶಾಲೆಗೂ ನಡುವೆ ಇರುವುದು ಹದಿಮೂರು ಅಂಶ. ನಮ್ಮ ಕಡೆ ಮಗನನ್ನು ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಕಳಿಸಿ ಮಗಳನ್ನು ನಡೆಸಿಕೊಂಡೇ ಸರ್ಕಾರಿ ಶಾಲೆಗೆ ಕಳಿಸುವ ಮನೆಗಳು ಎಷ್ಟಿವೆ ಅಂತ ನಿಮಗೂ ಗೊತ್ತು. ಆ ಹೆಣ್ಣುಮಕ್ಕಳೇ ಎಷ್ಟೋ ಸರ್ಕಾರಿ ಶಾಲೆಗಳ ಫಲಿತಾಂಶ ಎತ್ತಿ ಹಿಡಿದಿದ್ದಾರೆ.

ಪ್ರಶ್ನೆ: ಶಾಲೆಯ ಅಂಕಿಅಂಶ ನಮ್ಮಂಥವರಿಗೆ ಎಲ್ಲಿ ಸಿಗುತ್ತದೆ? ನಮ್ಮೂರು ಶರಾವತಿ ಹಿನ್ನೀರಿನ ಆಚೆ ಇದೆ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇರುವುದೇ 7 ಮಕ್ಕಳು. ಅಲ್ಲಿ ನಮ್ಮ ಮಗ ಕಲಿಯುತ್ತಿದ್ದಾನಾ ಇಲ್ಲವಾ ಅಂತ ಹೇಗೆ ತಿಳಿಯುವುದು?
— ಓದುಗರು, ಸಾಗರ ತಾಲ್ಲೂಕು

ಉತ್ತರ: ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತದೆ, ನಮ್ಮ ರಾಜ್ಯದ್ದು 29ರಿಂದ ಶುರು. ಸಾಮಾನ್ಯವಾಗಿ ಶಾಲೆಯ ಗೋಡೆ ಮೇಲೆ ಬರೆದಿರುತ್ತಾರೆ. ಅದನ್ನು ಹಾಕಿದರೆ ಕೇಂದ್ರದ ಯು-ಡೈಸ್ ಪ್ಲಸ್ ತಾಣದಲ್ಲಿ ಆ ಶಾಲೆಯ ವರದಿ ಸಿಗುತ್ತದೆ. ತರಗತಿವಾರು ಮಕ್ಕಳು, ಶಿಕ್ಷಕರು, ಕೊಠಡಿ, ಶೌಚಾಲಯ, ಇಂಥವೆಲ್ಲ. ಅಲ್ಲಿ ಸಿಗದ್ದನ್ನು ಮುಖ್ಯ ಶಿಕ್ಷಕರನ್ನು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದದೊಳಗಿರಬೇಕು. 30 ದಿನದೊಳಗೆ ಉತ್ತರ ಕೊಡಬೇಕು.

ಆದರೆ 7 ಮಕ್ಕಳ ಶಾಲೆಗೆ ಈ ಯಾವ ಶೇಕಡಾವೂ ಬೇಡ. ಅಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳನ್ನು ನಲಿಕಲಿಯಲ್ಲಿ ಒಟ್ಟಿಗೆ ಕೂರಿಸಿ ಕಲಿಸುತ್ತಾರೆ. ಮಗು ಯಾವ ಮೆಟ್ಟಿಲಲ್ಲಿ ಇದೆ ಅಂತ ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಕಾಣುತ್ತದೆ. ಹೋಗಿ ನಿಮ್ಮ ಮಗನ ಹೆಸರಿನ ಸಾಲು ನೋಡಿ, ಮೂರು ತಿಂಗಳು ಬಿಟ್ಟು ಮತ್ತೆ ಹೋಗಿ ನೋಡಿ. ಮೇಷ್ಟ್ರು ಒಬ್ಬರೇ ಇದ್ದರೆ ಅವರು ಮೀಟಿಂಗಿಗೆ, ಟ್ರೇನಿಂಗಿಗೆ ಹೋದ ದಿನ ಶಾಲೆಯಲ್ಲಿ ಯಾರಿರುತ್ತಾರೆ ಅಂತ ಕೇಳಿ. 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. 7 ಮಕ್ಕಳಿದ್ದರೂ ಆ ಮಾತು ಕೇಳುವ ಹಕ್ಕು ನಿಮಗಿದೆ.

ಮನೆಯಲ್ಲಿ ಮಾಡಬಹುದಾದ್ದು ಒಂದಿದೆ. ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕಲಿಕೆ ನೋಡುವ ಅಸರ್ ಸಮೀಕ್ಷೆಯವರು 2005ರಿಂದ ಮಾಡಿಕೊಂಡು ಬಂದ ಉಪಾಯ ಇದು. ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಒಂದು ಕಥೆ, ಹೀಗೆ ಒಂದೊಂದಾಗಿ ಓದಿಸುತ್ತಾರೆ. ಮಗ ಮೂರನೇ ಕ್ಲಾಸಿನಲ್ಲಿದ್ದರೆ ಎರಡನೇ ಕ್ಲಾಸಿನ ಕನ್ನಡ ಪುಸ್ತಕದಿಂದ ಅವನು ಬಾಯಿಪಾಠ ಮಾಡದ ಒಂದು ಪುಟ ತೆಗೆಯಿರಿ. ಪಕ್ಕದಲ್ಲಿ ಕೂತುಕೊಳ್ಳಿ, ಎದುರಿಗೆ ಬೇಡ, ಹೆದರುತ್ತಾನೆ. ಬೆರಳಿಟ್ಟು ಓದಲಿ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನಾ, ಸಾಲು ಮುಗಿಸುತ್ತಾನಾ, ಓದಿದ್ದನ್ನು ತನ್ನ ಮಾತಲ್ಲಿ ಹೇಳುತ್ತಾನಾ ಅಂತ ನೋಡಿ. ಬೈಯಬೇಡಿ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪುಟದ ಸಂಖ್ಯೆ ಬರೆದಿಡಿ, ತುಳಸಿ ಪೂಜೆ ಕಳೆದ ಮೇಲೆ ಅದೇ ಪುಟ ಮತ್ತೆ ತೆಗೆದು ಓದಿಸಿ, ಆ ಕ್ಯಾಲೆಂಡರ್ ತೆಗೆದುಕೊಂಡೇ ಮೇಷ್ಟ್ರ ಹತ್ತಿರ ಹೋಗಿ.